ಮುಂದಿನ ಸೀಟಿನ ಕೃಷ್ಣಪ್ಪ

ದಾರಿಯಲ್ಲಿ ಕೈ ತೋರಿಸಿದವರಿಗೆಲ್ಲ ಕಾರು ನಿಲ್ಲಿಸುವ ಜಾಯಮಾನ ನನ್ನದಲ್ಲ. ನಮ್ಮ ಕಡೆ ಇದಕ್ಕೆ ಡ್ರಾಪ್ ಎನ್ನುತ್ತಾರೆ. ಕಳಸದಿಂದ ಕೊಟ್ಟಿಗೆಹಾರದವರೆಗಿನ ಊರುಗಳಿಗೆ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಕ್ರಾಸಿನಲ್ಲಿ ನಿಂತು, ಹೋಗುವ ಜೀಪಿಗೋ ಪಿಕಪ್ಪಿಗೋ ಕಾರಿಗೋ ಕೈ ಅಡ್ಡ ಹಿಡಿಯುವುದಕ್ಕೆ ಇಲ್ಲಿ ಯಾರಿಗೂ ಸಂಕೋಚವಿಲ್ಲ. ದೊಡ್ಡ ಎಸ್ಟೇಟಿನವರೂ ನಿಲ್ಲಿಸುತ್ತಾರೆ. ಅದೆಲ್ಲ ಒಳ್ಳೆಯದೇ, ನಾನೇನು ಬೇಡ ಅನ್ನುವುದಿಲ್ಲ. ಆದರೆ ಹತ್ತಿದವನು ಸುಮ್ಮನೆ ಕೂರುವುದಿಲ್ಲವಲ್ಲ. ಯಾವೂರು, ಯಾರ ಮನೆ, ಹೆಂಡತಿಯ ತವರು ಯಾವುದು ಎಂದು ಶುರುಹಚ್ಚಿಕೊಳ್ಳುತ್ತಾನೆ. ಅಲ್ಲಿಗೆ ನನಗೆ ಮೈಯುರಿ.

ಹಾಗಿದ್ದೂ ಆ ಜನವರಿಯ ಬೆಳಿಗ್ಗೆ ಜಾವಳಿಯ ಹತ್ತಿರ ಕೃಷ್ಣಪ್ಪನವರಿಗೆ ಕಾರು ನಿಲ್ಲಿಸಿದೆ. ನಿಲ್ಲಿಸಲು ಹೇಳಿದವರು ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ, ಕಳಸದ ದೇವೀರಮ್ಮ. ಮಂಡಿನೋವೆಂದು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಿದ್ದರು.

“ವಯಸ್ಸಾದೋರು, ಇಸ್ತ್ರಿ ಅಂಗಿ ಹಾಕ್ಕಂಡು ಬಿಸ್ಲಲ್ಲಿ ನಿಂತಿದಾರೆ ಪಾಪ. ಹತ್ತಿಸ್ಕೊಳಿ. ಜಾವಳಿಯೋರಲ್ಲವಾ, ಆ ಹುಡುಗಿ ಮನೆ ಬಗ್ಗೆ ನಾಲ್ಕು ಮಾತು ಸಿಕ್ಕಿದ್ರೂ ಸಿಕ್ತು,” ಎಂದರು.

ನಾವು ಹೊರಟದ್ದು ಹಾಸನಕ್ಕೆ, ಹೆಣ್ಣು ನೋಡಲು. ಅತ್ತೆಯ ಮಗ ಪೂರ್ಣೇಶ ಹಾಸನದಲ್ಲಿ ಕಾಫಿ ಬೀಜ ಹದಮಾಡುವ ಒಂದು ಕ್ಯೂರಿಂಗ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಮೊದಲ ಮದುವೆ ಮುರಿದುಬಿದ್ದು ಕೆಲವು ವರ್ಷಗಳಾಗಿದ್ದವು. ಅಲ್ಲೇ ಕಾಲೇಜಿನಲ್ಲಿ ಪಾಠ ಮಾಡುವ ಸೌಂದರ್ಯ ಎಂಬವಳ ಪರಿಚಯವಾಗಿ ಇಬ್ಬರೂ ಒಪ್ಪಿಕೊಂಡಿದ್ದರು. ಆದರೆ ಮೊದಲ ಸಲ ತಾಯಿಯ ಮಾತು ಮೀರಿ ಮದುವೆಯಾಗಿ ಕೈ ಸುಟ್ಟುಕೊಂಡಿದ್ದ ಪೂರ್ಣೇಶ, ಈ ಸಲ ಅಮ್ಮ ಹೂಂ ಅಂದರೆ ಮಾತ್ರ ಎಂದು ಪಟ್ಟು ಹಿಡಿದಿದ್ದ. ಅತ್ತೆ ಇನ್ನೂ ಹೂಂ ಅಂದಿರಲಿಲ್ಲ. ಹುಡುಗಿಯನ್ನೂ ಅವಳ ಹೆತ್ತವರನ್ನೂ ನೋಡಿಯೇ ಹೇಳುತ್ತೇನೆ ಎಂದಿದ್ದರು. ಹೆತ್ತವರು ಜಾವಳಿಯವರು, ಆದರೆ ಆಗಲೇ ಹಾಸನಕ್ಕೆ ಹೋಗಿ ಮಗಳ ಬಾಡಿಗೆ ಮನೆಯಲ್ಲಿದ್ದಾರೆ ಎಂದುಕೊಂಡಿದ್ದೆವು. ಹೋಗಿದ್ದವರು ತಾಯಿ ಮಾತ್ರ ಎಂಬುದನ್ನು ಪೂರ್ಣೇಶ ಹೇಳಿರಲಿಲ್ಲ.

ಕೃಷ್ಣಪ್ಪ ಹಿಂದಿನ ಬಾಗಿಲ ಕಡೆ ನೋಡಲೂ ಇಲ್ಲ. ನೇರ ಮುಂದಿನ ಬಾಗಿಲು ತೆಗೆದು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬೆಲ್ಟ್ ಹಾಕಿಕೊಂಡು, ಎಷ್ಟೋ ವರ್ಷದಿಂದ ಅದೇ ಸೀಟಿನಲ್ಲಿ ಕೂತವರ ಹಾಗೆ ಕೂತರು. ಚೀಲದಿಂದ ಕಿತ್ತಳೆಹಣ್ಣಿನ ವಾಸನೆ ಬಂತು. ಹಿಂದೆ ತಿರುಗಿ ಅತ್ತೆಗೆ ಕೈಮುಗಿದರು.

“ಯಾವೂರು ನಿಮ್ದು?” ಎಂದರು ನನಗೆ.

“ಬಾಳೆಹೊಳೆ,” ಎಂದೆ. ನನ್ನ ಊರು ಅದೇ. ಕಳಸದ ಹೆಸರು ಬಾಯಿಗೆ ಬರಲಿಲ್ಲ, ಬರಲು ಕಾರಣವೂ ಇರಲಿಲ್ಲ.

ಈಗ ಈ ಮನುಷ್ಯನ ಬಗ್ಗೆ ಸ್ವಲ್ಪ ಹೇಳಬೇಕು. ಇದೆಲ್ಲ ನಾನು ಆಮೇಲೆ ಅವರ ಊರಿನವರಿಂದ, ಅವರ ಹೆಂಡತಿ ವಸಂತಮ್ಮನವರಿಂದ ತಿಳಿದದ್ದು. ಜಾವಳಿಯಲ್ಲಿ ಕೃಷ್ಣಪ್ಪನ ಮನೆ ಎಲ್ಲಿ ಎಂದರೆ ಯಾವ ಕೃಷ್ಣಪ್ಪ ಎಂದು ಕೇಳುತ್ತಾರೆ. ಡ್ರಾಪ್ ಕೃಷ್ಣಪ್ಪ ಎಂದರೆ ಕರೆದುಕೊಂಡೇ ಹೋಗಿ ಬಿಡುತ್ತಾರೆ. ಒಂದಿಷ್ಟು ರೊಬಸ್ಟಾ ಕಾಫಿ, ಅದರೊಳಗೆ ಮೆಣಸಿನ ಬಳ್ಳಿ, ಕೆಳಗೆ ಒಂದು ತುಂಡು ಗದ್ದೆ. ಗಾಡಿ ಎಂಬುದನ್ನು ಜನ್ಮದಲ್ಲಿ ಇಟ್ಟವರಲ್ಲ. ಪ್ರಾಯದಲ್ಲಿ ಒಮ್ಮೆ ಭಾವಮೈದುನನ ಸ್ಕೂಟರ್ ಕಲಿಯಲು ಹೋಗಿ, ಸ್ಕೂಟರನ್ನೂ ಭಾವಮೈದುನನನ್ನೂ ಸೇರಿಸಿ ಗದ್ದೆಗೆ ಇಳಿಸಿದ ಮೇಲೆ ಆ ಆಸೆಯನ್ನು ಬಿಟ್ಟರು. ಬಸ್ಸೆಂದರೆ ಅವರಿಗೆ ಆಗದು. “ಬಸ್ಸಲ್ಲಿ ಎಂತ ಇದೆ ಮಾರಾಯ, ಮುಂದಿನೋರ ಬೆನ್ನು ನೋಡ್ಕಂಡು ಕೂರದು,” ಎನ್ನುವರು.

ಮೂಡಿಗೆರೆಗಿರಲಿ, ಚಿಕ್ಕಮಗಳೂರಿಗಿರಲಿ, ಹಾಸನಕ್ಕಿರಲಿ, ಅವರು ಹೋಗುತ್ತಿದ್ದದ್ದು ಯಾರದೋ ಗಾಡಿಯ ಮುಂದಿನ ಸೀಟಿನಲ್ಲೇ. ಅದಕ್ಕೊಂದು ಧರ್ಮವನ್ನೂ ಮಾಡಿಕೊಂಡಿದ್ದರು. ಡ್ರಾಪ್ ತೆಗೆದುಕೊಂಡವನು ಬಾಯಿ ಮುಚ್ಚಿಕೊಂಡು ಕೂತರೆ ಅದು ಗಾಡಿಯವನಿಗೆ ಮಾಡುವ ಅವಮಾನ. ಮಾತಾಡಿಸಬೇಕು, ನಗಿಸಬೇಕು, ಡ್ರೈವರಿನ ಕಣ್ಣಿಗೆ ನಿದ್ದೆ ಹತ್ತದ ಹಾಗೆ ನೋಡಿಕೊಳ್ಳಬೇಕು. ಇದನ್ನು ಎಷ್ಟು ಚೆನ್ನಾಗಿ ಮಾಡುತ್ತಿದ್ದರೆಂದರೆ, ಕೆಲವು ಎಸ್ಟೇಟಿನ ಜೀಪಿನವರು ಕೈ ತೋರಿಸದಿದ್ದರೂ ನಿಲ್ಲಿಸಿ ಹತ್ತಿಸಿಕೊಳ್ಳುತ್ತಿದ್ದರಂತೆ.

ಇನ್ನೊಂದು ಕಟ್ಟುನಿಟ್ಟೂ ಇತ್ತು. ಬೇರೆಯವರ ಮನೆಯ ವಿಷಯವನ್ನು ಗಾಡಿಯಲ್ಲಿ ಎತ್ತಬಾರದು. ಈ ಬೆಟ್ಟದ ಸೀಮೆಯಲ್ಲಿ ಯಾರು ಯಾರಿಗೆ ನೆಂಟರೋ ದೇವರೇ ಬಲ್ಲ. ಮೂಡಿಗೆರೆಯಲ್ಲಿ ಒಬ್ಬರನ್ನು ಆಡಿಕೊಂಡರೆ ಗಾಡಿ ಓಡಿಸುವವನು ಅವರ ಷಡ್ಡಕನಾಗಿರುತ್ತಾನೆ. ಹಾಗಾಗಿ ಕೃಷ್ಣಪ್ಪ ತಮ್ಮ ಮನೆಯ ಮಾತನ್ನು ಮಾತ್ರ ಆಡುತ್ತಿದ್ದರು. ಅದಕ್ಕೆ ಯಾರ ಹಂಗೂ ಇಲ್ಲ, ಯಾರಿಗೂ ನೋವಿಲ್ಲ ಎಂದು ಅವರ ಲೆಕ್ಕ. ಮನೆಯಲ್ಲಿದ್ದವರು ಮೂರೇ ಜನ. ತಾನು, ಹೆಂಡತಿ, ಮಗಳು.

ಕೊಟ್ಟಿಗೆಹಾರ ದಾಟುವವರೆಗೆ ಕಣದಲ್ಲಿ ಒಣಗಲು ಹಾಕಿದ ಕಾಫಿ, ಬಾಳೂರಿನ ಕಡೆ ಬಂದ ಆನೆ, ಕೂಲಿಗೆ ಜನ ಸಿಗದ ಗೋಳು, ಇಷ್ಟೇ ಆಯಿತು. ನಾನು ಹೂಂ, ಹೌದು ಎಂದು ಗಾಡಿ ಓಡಿಸುತ್ತಿದ್ದೆ. ಮೂಡಿಗೆರೆಯ ಟ್ಯಾಕ್ಸಿ ಸ್ಟ್ಯಾಂಡ್ ಕಂಡದ್ದೇ ತಡ, ಅವರು ಸೀಟಿನಲ್ಲಿ ತಗ್ಗಿ ಕೂತು ಮುಖ ಈ ಕಡೆ ತಿರುಗಿಸಿದರು.

“ಎಂತ ಆಯ್ತು?” ಎಂದೆ.

“ಅಲ್ಲಿ ಒಬ್ಬ ಟ್ಯಾಕ್ಸಿಯೋನು ಇದಾನೆ. ನಾನು ಕಂಡ್ರೆ ಕಷ್ಟ,” ಎಂದು ನಕ್ಕರು. “ಮಗಳು ನನಗೆ ಅಂತ ಟ್ಯಾಕ್ಸಿ ಮಾಡಿದ್ಲು ಮಾರಾಯ್ರೆ. ಮನೆ ಬಾಗ್ಲಿಂದ ಹಾಸನಕ್ಕೆ. ಅಪ್ಪಾ, ದಯವಿಟ್ಟು ಇವತ್ತೊಂದಿನ ಕ್ರಾಸಲ್ಲಿ ನಿಲ್ಬೇಡಿ ಅಂದ್ಲು. ನಾನು ಕೈ ತೋರ್ಸಿ ಹೋಗದು ಅವ್ಳಿಗೆ ಮರ್ಯಾದೆ ಕಮ್ಮಿ. ಕಾಲೇಜು ಲೆಕ್ಚರರ್ ಅಲ್ವಾ. ನಾನು ನಿನ್ನೆ ಅವ್ನಿಗೆ ಫೋನ್ ಮಾಡಿ ಪ್ರೋಗ್ರಾಂ ಮುಂದಕ್ಕೆ ಹೋಯ್ತು, ಬರ್ಬೇಡ ಅಂತ ಒಂದು ಬಿಟ್ಟೆ. ಹಿಂದಿನ ಸೀಟಲ್ಲಿ ಒಬ್ನೇ ಮೂಟೆ ಕೂತಂಗೆ ಕೂತು ಹೋಗದು ಯಾರ ಕೈಲಾಗತ್ತೆ ಹೇಳಿ.”

“ಹಾಸನದಲ್ಲಿ ಎಂತ ಪ್ರೋಗ್ರಾಂ?” ಎಂದು ಅತ್ತೆ ಕೇಳಿದರು.

“ಮಗಳ ನೋಡಕ್ಕೆ ಗಂಡಿನ ಕಡೆಯೋರು ಬರ್ತಾರೆ ಅಮ್ಮ. ಕಳಸದೋರು.”

ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಹೇಳಿಬಿಡೋಣ ಎಂದು ಬಾಯಿ ತೆಗೆದೆ. ಕನ್ನಡಿಯಲ್ಲಿ ಅತ್ತೆಯ ಕಣ್ಣು ಸಿಕ್ಕಿತು. ಅವರು ತಲೆಯನ್ನು ಒಂದಿಷ್ಟೇ ಅಲ್ಲಾಡಿಸಿದರು, ಬೇಡ ಎಂದು. ನಾನು ಬಾಯಿ ಮುಚ್ಚಿದೆ. ಅತ್ತೆಗೆ ಆ ಮನೆಯ ನಿಜ ಬೇಕಿತ್ತು, ಅದು ಮುಂದಿನ ಸೀಟಿನಲ್ಲಿ ತಾನಾಗಿ ಬಂದು ಕೂತಿತ್ತು. ನನಗೆ ಮಾತ್ರ ಕದ್ದು ಕೇಳಿದ ಹಾಗೆ ಕಿವಿ ಬಿಸಿಯಾಯಿತು. ನನ್ನದೇ ಕಾರು, ನಾನೇ ಓಡಿಸುತ್ತಿದ್ದೇನೆ, ಆದರೂ.

“ಹೌದಾ. ಹುಡುಗಿ ಹೆಂಗೆ?” ಎಂದರು ಅತ್ತೆ.

ಅಷ್ಟು ಸಾಕಾಯಿತು.

“ಹುಡುಗಿ ಎಂತ ಹುಡುಗಿ ಅಮ್ಮ, ಮೂವತ್ತು ದಾಟಿ ಎಷ್ಟೋ ಆಯ್ತು. ಶೋರೂಮಲ್ಲೇ ನಿಂತು ಹಳೇದಾದ ಗಾಡಿ,” ಎಂದು ನಕ್ಕು ನನ್ನ ಕಡೆ ನೋಡಿದರು. ನಾನು ನಗಲಿಲ್ಲ. ಇವನಿಗೆ ಅರ್ಥವಾಗಲಿಲ್ಲವೇನೋ ಎಂದುಕೊಂಡು ಮುಂದುವರಿಸಿದರು. “ಎಷ್ಟು ಜನ ಬಂದು ನೋಡಿ ಹೋದ್ರು ಅಂತೀರಿ. ಒಬ್ಬ ಬಂದ, ನನ್ನ ಹೆಂಡ್ತಿ ವಸಂತಿ ಮಾಡಿದ ಕಡುಬು ಹೊಟ್ಟೆ ತುಂಬ ತಿಂದ, ಕೈ ಒರೆಸ್ಕೊಂಡು, ಇವಳಿಗೆ ತಂಗಿ ಇದಾಳಾ ಅಂತ ಕೇಳ್ದ. ಇಲ್ಲ ಮಾರಾಯ, ಇದೊಂದೇ ಪೀಸು ಅಂದೆ ನಾನು. ಇನ್ನೊಬ್ರು ಇನ್ನೂ ಜೋರು. ಇವಳು ಕಾಫಿ ತಂದು ಇಟ್ಟಿದಾಳೆ, ಇವಳ ಎದುರಿಗೇ ಗಂಡಿನ ಚಿಕ್ಕಪ್ಪ ಅಂತಾನೆ, ಲೈಟ್ ಹಾಕಿ, ಬಣ್ಣ ಸರಿಯಾಗಿ ಕಾಣ್ತಾ ಇಲ್ಲ ಅಂತ.”

“ಹಾಕಿದ್ರಾ?” ಎಂದರು ಅತ್ತೆ. ಧ್ವನಿ ಬೇರೆಯಾಗಿತ್ತು.

“ಹಾಕ್ದೆ. ಎಂತ ಮಾಡದು, ಮನೆಗೆ ಬಂದೋರು. ಅವತ್ತು ಅವರು ಹೋದ ಮೇಲೆ ಸೀರೆ ಬಿಚ್ಚಿ ಮಂಚದ ಮೇಲೆ ಬಿಸಾಕಿದ್ಲು. ಇನ್ಮೇಲೆ ನನ್ನನ್ನ ಯಾರ ಮುಂದೆನೂ ನಿಲ್ಲಿಸ್ಬೇಡಿ ಅಂದ್ಲು. ಬಾಗಿಲು ಹಾಕ್ಕಂಡು ಅತ್ತಿದ್ದೇ ಅತ್ತಿದ್ದು. ನಮ್ಮ ನಾಯಿ ಬಾಗಿಲ ಹತ್ರ ಕೂತು ಅದೂ ಊಳಿಡಕ್ಕೆ ಶುರು ಮಾಡ್ತು. ಅವಳು ಒಳಗೆ, ಇದು ಹೊರಗೆ.”

ನಾಯಿಯ ಮಾತು ಬಂದಾಗ ಅವರು ಸ್ವಲ್ಪ ನಿಲ್ಲಿಸಿದರು, ನಾವು ನಗಲಿ ಎಂದು. ಈ ಮಾತನ್ನು ಎಷ್ಟೋ ಗಾಡಿಗಳಲ್ಲಿ ಹೇಳಿ, ಎಲ್ಲಿ ನಗು ಬರುತ್ತದೆಂದು ಪಳಗಿದವರ ಹಾಗಿತ್ತು ಅದು. ಆ ಹುಡುಗಿಯನ್ನು ನಾನಿನ್ನೂ ನೋಡಿರಲಿಲ್ಲ, ಆದರೆ ಅವಳು ಯಾವತ್ತೋ ಬಾಗಿಲು ಹಾಕಿಕೊಂಡು ಅತ್ತದ್ದು ನನಗೆ ಗೊತ್ತಾಗಿಹೋಗಿತ್ತು. ಇನ್ನು ಅವಳ ಮುಖವನ್ನು ಹೇಗೆ ನೋಡುವುದು.

“ಈಗ ಬರೋ ಗಂಡು ಹೆಂಗೆ?” ಅತ್ತೆ ಬಿಡಲಿಲ್ಲ.

“ಅವನಿಗೆ ಇದು ಎರಡನೇದು. ಮೊದಲನೇಳು ಬಿಟ್ಟು ಹೋಗಿದಾಳೆ. ಇಬ್ರೂ ಹಂಗೇ ಉಳಿದೋರು ಅಂದ್ಕೊಳಿ. ಆದ್ರೆ ಹುಡುಗ ಒಳ್ಳೇನಂತೆ. ಇವಳು ಅವನ ಹೆಸರು ಹೇಳುವಾಗ ಮುಖ ನೋಡ್ಬೇಕು ನೀವು. ಇದೂ ತಪ್ಪಿ ಹೋದ್ರೆ ಅವಳು ಇನ್ನು ಒಬ್ಬಳೇ, ಬರೆದಿಟ್ಕೊಳಿ.”

“ಗಂಡಿನ ಮನೆ ಜನ?”

“ಬೇರೆಯೋರ ಮನೆ ವಿಷಯ ನಾನು ಆಡಲ್ಲ ಅಮ್ಮ.”

“ನಮಗೆಂತ ಗೊತ್ತಿರೋರಾ. ಹೇಳಿ ಪರವಾಗಿಲ್ಲ,” ಎಂದರು ಅತ್ತೆ.

ಅತ್ತೆ ಹಾಗೆ ಅನ್ನಬಾರದಿತ್ತು. ಕೃಷ್ಣಪ್ಪ ಕಿಟಕಿಯಿಂದಾಚೆ ನೋಡಿದರು, ಚೀಲದ ಹಿಡಿಯನ್ನು ತಿರುಚಿದರು. ಕೊನೆಗೆ, ವಯಸ್ಸಾದ ಹೆಂಗಸು ಇಷ್ಟು ಕೇಳುವಾಗ ಹೇಳದಿದ್ದರೆ ಚೆನ್ನಾಗಿರುವುದಿಲ್ಲ ಎಂದು ಕಂಡಿರಬೇಕು.

“ತಾಯಿ ಸ್ವಲ್ಪ ಜೋರಂತೆ. ಮೊದಲನೇ ಸೊಸೆ ಆ ಹೆಂಗಸಿನ ಬಾಯಿ ತಡೀಲಾರದೆ ಓಡಿಹೋದ್ಲು ಅಂತ ಜನ ಆಡ್ಕೊತಾರೆ. ಆ ಸೊಸೆ ಮಾಡಿದ ಅಡುಗೇನ ಆಳುಗಳಿಗೆ ಬಡಿಸಿ, ತಾನು ಬೇರೆ ಒಲೆ ಹಚ್ತಿದ್ದಳಂತೆ. ನನಗೆ ಗೊತ್ತಿಲ್ಲಪ್ಪ, ಕೇಳಿದ್ದು.”

ನಾನು ಕನ್ನಡಿ ನೋಡಲಿಲ್ಲ. ನೋಡುವ ಧೈರ್ಯವಿರಲಿಲ್ಲ. ಯಾಕೆಂದರೆ ಆ ಬೇರೆ ಒಲೆಯನ್ನು ನಾನೇ ಕಣ್ಣಾರೆ ಕಂಡವನು. ಅಳಿಯನಾಗಿ ಹೋಗಿ ಅದರ ಮೇಲೆ ಮಾಡಿದ್ದನ್ನು ಉಂಡು ಬಂದವನು.

“ಹಂಗಿದ್ರೂ ಮಗಳನ್ನ ಕೊಡ್ತೀರಾ?” ಎಂದು ಹಿಂದಿನಿಂದ ಅತ್ತೆಯ ದನಿ ಬಂತು.

“ಇನ್ಯಾರು ಬರ್ತಾರೆ ಅಮ್ಮ,” ಎಂದರು ಕೃಷ್ಣಪ್ಪ. ಈ ಸಲ ಅವರೂ ನಗಲಿಲ್ಲ.

ಬೇಲೂರಿನಲ್ಲಿ ಕಾಫಿಗೆ ನಿಲ್ಲಿಸಿದೆವು. ಕಾಫಿ ತಾನೇ ಕೊಡಿಸುವುದು ಎಂದು ಕೃಷ್ಣಪ್ಪ ಹಟ ಮಾಡಿ ಹೋಟೆಲಿನೊಳಗೆ ನುಗ್ಗಿದರು. ಅತ್ತೆ ಕಾರಿನಿಂದ ಇಳಿಯಲಿಲ್ಲ. ನಾನು ಕಿಟಕಿಯ ಹತ್ತಿರ ಬಗ್ಗಿದೆ. ಸಿಟ್ಟು ನೆತ್ತಿಗೇರಿತ್ತು. ಅದು ಆ ಮನುಷ್ಯನ ಮೇಲೋ ಅತ್ತೆಯ ಮೇಲೋ ನನಗೇ ತಿಳಿಯಲಿಲ್ಲ.

“ಈಗಲಾದ್ರೂ ಹೇಳ್ಬಿಡೋಣ ಅತ್ತೆ. ಇದು ಸರಿ ಇಲ್ಲ.”

“ಏನಂತ ಹೇಳ್ತೀರಿ?” ಎಂದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. “ಕೇಳ್ಕಂಡಾಯ್ತು. ಈಗ ಹೇಳಿದ್ರೆ ಆ ಮನುಷ್ಯ ಇಲ್ಲಿಂದಲೇ ವಾಪಸ್ ಹೋಗ್ತಾರೆ. ಅಪ್ಪ ಇಲ್ಲದೆ ಆ ಹುಡುಗಿ ಇವತ್ತು ನಮ್ಮ ಮುಂದೆ ಕೂರ್ಬೇಕಾ? ಓಡ್ಸಿ ಗಾಡಿನ.”

ಕೃಷ್ಣಪ್ಪ ಎರಡು ಕೈಯಲ್ಲೂ ಲೋಟ ಹಿಡಿದು, ತುಳುಕದ ಹಾಗೆ ಕಾಲೆಳೆಯುತ್ತ ಬಂದು, ಅತ್ತೆಗೆ ಕಿಟಕಿಯಿಂದ ಕಾಫಿ ಕೊಟ್ಟರು. “ಸಕ್ಕರೆ ಕಮ್ಮಿ ಹಾಕ್ಸಿದೀನಿ ಅಮ್ಮ, ನಿಮ್ಮ ವಯಸ್ಸಿಗೆ,” ಎಂದರು. ಅತ್ತೆ ಅದನ್ನು ಪೂರ್ತಿ ಕುಡಿದರು.

ಹಾಸನದವರೆಗೆ ಮತ್ತೆ ಕಾಫಿ, ಮೆಣಸು, ಆನೆ. ಊರು ಹತ್ತಿರ ಬಂದಾಗ ಕೃಷ್ಣಪ್ಪ, “ಬಸ್ ಸ್ಟ್ಯಾಂಡ್ ಹತ್ರ ಬಿಟ್ಬಿಡಿ, ಆಟೋದಲ್ಲಿ ಹೋಗ್ತೀನಿ. ನಿಮಗ್ಯಾಕೆ ತೊಂದ್ರೆ,” ಎಂದರು. ಪೂರ್ಣೇಶ ಮೊದಲೇ ದಾರಿ ಹೇಳಿದ್ದ. ಬಸ್ ಸ್ಟ್ಯಾಂಡ್ ದಾಟಿತು.

“ಮುಂದೆ ಬಂದ್ರಿ,” ಎಂದರು. ನಾನು ಎಡಕ್ಕೆ ತಿರುಗಿಸಿದೆ. “ಅರೆ, ನಾನೂ ಇದೇ ಕಡೆ ಹೋಗ್ಬೇಕಾಗಿದ್ದು,” ಎಂದು ಖುಷಿಪಟ್ಟರು. ಮತ್ತೆ ಬಲಕ್ಕೆ ತಿರುಗಿಸಿದೆ. ಆಗ ಅವರು ಮಾತು ನಿಲ್ಲಿಸಿದರು. ನನ್ನನ್ನೊಮ್ಮೆ ನೋಡಿದರು, ತಿರುಗಿ ಅತ್ತೆಯನ್ನು ನೋಡಿದರು. ಗೇಟಿನ ಹತ್ತಿರ ಪೂರ್ಣೇಶ ನಿಂತಿದ್ದ. ಕಾರು ನಿಂತದ್ದೇ ಬಂದು ಹಿಂದಿನ ಬಾಗಿಲು ತೆಗೆದು, “ಬಾ ಅಮ್ಮ, ಮಂಡಿ ಹೆಂಗಿದೆ?” ಎಂದು ಕೈ ಕೊಟ್ಟ. ಆ ಮುಖವನ್ನು ಕೃಷ್ಣಪ್ಪ ಫೋಟೋದಲ್ಲಿ ನೋಡಿದ್ದರು.

ಅವರು ಇಳಿಯಲಿಲ್ಲ. ಬೆಲ್ಟ್ ಬಿಚ್ಚಲೂ ಇಲ್ಲ. ಚೀಲವನ್ನು ತೊಡೆಯ ಮೇಲೆ ಅಪ್ಪಿಕೊಂಡು ಎದುರಿನ ಗಾಜನ್ನೇ ನೋಡುತ್ತ ಕೂತಿದ್ದರು. ಕಿವಿಯಿಂದ ಕುತ್ತಿಗೆಯವರೆಗೆ ಕೆಂಪಾಗಿತ್ತು. ನಾನು ಬಾಗಿಲು ತೆಗೆದು ನಿಂತೆ.

“ಒಂದು ಮಾತು ಹೇಳ್ಬೋದಿತ್ತು ನೀವು,” ಎಂದರು ನನಗೆ, ಮೆಲ್ಲಗೆ.

ಹೌದು, ಹೇಳಬಹುದಿತ್ತು. ಅತ್ತೆಯ ಕಡೆ ಬೆರಳು ತೋರಿಸಿ ತಪ್ಪಿಸಿಕೊಳ್ಳುವುದು ಸುಲಭ. ಸ್ಟೇರಿಂಗ್ ನನ್ನ ಕೈಯಲ್ಲೇ ಇತ್ತಲ್ಲ.

ಅಷ್ಟರಲ್ಲಿ ವಸಂತಮ್ಮ ಬಂದರು. ಗಂಡ ಬೀಗರಾಗುವವರ ಕಾರಿನಲ್ಲಿ ಕೂತಿರುವುದನ್ನು ಕಂಡು ಮೊದಲು ಬೆರಗು, ಆಮೇಲೆ ಸಂತೋಷ. “ಇವ್ರ ಜೊತೇಲೇ ಬಂದ್ರಾ? ಒಳ್ಳೇದಾಯ್ತು. ಇಳೀರಿ, ಎಂತ ಹಂಗೆ ಕೂತಿದೀರಿ,” ಎಂದು ಕೈ ಹಿಡಿದು ಇಳಿಸಿದರು.

ಒಳಗೆ ಎಲ್ಲರೂ ಕೂತೆವು. ಕೃಷ್ಣಪ್ಪ ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತು ನೆಲ ನೋಡುತ್ತಿದ್ದರು. ವಸಂತಮ್ಮ ಎರಡು ಸಲ ಮಾತಿಗೆ ಎಳೆದರು, ಅವರು ಹೂಂ ಅನ್ನಲೂ ಇಲ್ಲ. “ಯಾವತ್ತೂ ಇವರ ಬಾಯಿ ನಿಲ್ಲೋದೇ ಇಲ್ಲ, ಇವತ್ತೇನೋ ನಾಚ್ಕೆ,” ಎಂದು ಆಕೆ ನಮಗೆ ಸಮಜಾಯಿಷಿ ಕೊಟ್ಟರು.

ಸೌಂದರ್ಯ ಬಂದಳು. ಕಾಲೇಜಿಗೆ ಹೋಗುವ ಹಾಗೆ ಸಾದಾ ಚೂಡಿದಾರ್. ಕೈಯಲ್ಲಿ ತಟ್ಟೆ ಇಲ್ಲ, ಲೋಟ ಇಲ್ಲ. ಎತ್ತರದ ಹುಡುಗಿ, ನೇರ ನೋಟ. ಬಂದು ಅತ್ತೆಯ ಎದುರು ಕೂತಳು. ತಂದೆಯನ್ನು ನೋಡಿದಳು, ತೆರೆದ ಬಾಗಿಲಿನಿಂದ ಕಾಣುತ್ತಿದ್ದ ನಮ್ಮ ಕಾರನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ದೃಷ್ಟಿ ತಪ್ಪಿಸಿದೆ. ಅವಳಿಗೆ ಅಷ್ಟು ಸಾಕಾಯಿತೆಂದು ಕಾಣುತ್ತದೆ. ಟ್ಯಾಕ್ಸಿಯವನು ಬೆಳಿಗ್ಗೆಯೇ ಅವಳಿಗೆ ಫೋನ್ ಮಾಡಿ, ಪ್ರೋಗ್ರಾಂ ಯಾವತ್ತಿಗೆ ಹೋಯಿತು ಮೇಡಂ ಎಂದು ಕೇಳಿದ್ದನಂತೆ.

“ಅಪ್ಪ ದಾರೀಲಿ ತುಂಬ ಮಾತಾಡಿದ್ರಾ ಅಮ್ಮ?” ಎಂದು ನೇರವಾಗಿ ಅತ್ತೆಯನ್ನೇ ಕೇಳಿದಳು.

ಪೂರ್ಣೇಶ ಏನೂ ಅರ್ಥವಾಗದೆ ಎಲ್ಲರ ಮುಖ ನೋಡಿದ. ಕೃಷ್ಣಪ್ಪ ಕಣ್ಣು ಮುಚ್ಚಿಕೊಂಡರು. ಅತ್ತೆ ಒಂದು ಮಾತು ಹೇಳಿದರೆ ಈ ಸಂಬಂಧ ಅಲ್ಲಿಗೇ ಮುಗಿಯುತ್ತಿತ್ತು, ಅದು ಆ ಕೋಣೆಯಲ್ಲಿ ನಾಲ್ವರಿಗೆ ಗೊತ್ತಿತ್ತು. ಹುಡುಗಿಯ ಕುತ್ತಿಗೆಯ ಹತ್ತಿರ ನರ ಮಿಡಿಯುತ್ತಿದ್ದುದು ನಾನು ಕೂತಲ್ಲಿಗೆ ಕಾಣುತ್ತಿತ್ತು.

“ಮಾತಾಡಿದ್ರು,” ಎಂದರು ಅತ್ತೆ. “ಮಗಳು ಅಂದ್ರೆ ಜೀವ ಅಂತ ಮಾತಲ್ಲೇ ಗೊತ್ತಾಗ್ತಿತ್ತು. ನನಗೆ ಒಪ್ಪಿಗೆ ಇದೆ ಕಣಮ್ಮ. ನೀನು ನನ್ನ ಬಗ್ಗೆ ಏನಾದ್ರೂ ಕೇಳೋದಿದ್ರೆ ಕೇಳು. ಜನ ಹೇಳೋದ್ರಲ್ಲಿ ಸುಮಾರು ನಿಜಾನೇ ಇರತ್ತೆ.”

ನಮ್ಮತ್ತೆಯ ಬಾಯಲ್ಲಿ ಇಂಥ ಮಾತು ನಾನು ಕೇಳಿದ್ದು ಅದೇ ಮೊದಲು. ತಲೆ ತಗ್ಗಿಸಿಕೊಂಡೇ ಹೇಳಿದರು.

“ಕೇಳೋದೇನೂ ಇಲ್ಲಮ್ಮ,” ಎಂದು ಸೌಂದರ್ಯ ಎದ್ದು ಬಗ್ಗಿ ಅವರ ಕಾಲು ಮುಟ್ಟಿದಳು. ವಸಂತಮ್ಮ ಕಣ್ಣೊರೆಸಿಕೊಳ್ಳುತ್ತ ಎಲೆ ಹಾಕಲು ಓಡಿದರು.

ಊಟದ ಮೇಲೆ ಕೈ ತೊಳೆಯಲು ಹಿತ್ತಲಿಗೆ ಹೋದೆ. ಅಲ್ಲಿ ತಂದೆ ಮಗಳು ಇದ್ದರು. ನನ್ನನ್ನು ಅವರು ಕಾಣಲಿಲ್ಲ, ನಡುವೆ ಒಗೆದ ಬಟ್ಟೆ ಹರವಿತ್ತು. ನಾನು ತಿರುಗಿ ಹೋಗಬೇಕಿತ್ತು. ಅವತ್ತು ಇಡೀ ದಿನ ನಾನು ಕೇಳಬಾರದ್ದನ್ನು ಕೇಳುತ್ತಲೇ ಇದ್ದೆ.

“ಆ ಅಮ್ಮ ದೊಡ್ಡೋರು. ಸುಳ್ಳು ಹೇಳಿದ್ರು,” ಎನ್ನುತ್ತಿದ್ದರು ಕೃಷ್ಣಪ್ಪ. “ನಾನು ನಿನ್ನ ಬಗ್ಗೆ ಏನೇನು ಅಂದೆ ಅಂದ್ರೆ ಮಗಾ...”

“ಹೇಳ್ಬೇಡಿ ಅಪ್ಪ. ಗೊತ್ತು.”

“ನಿಂಗೆ ಹೆಂಗೆ ಗೊತ್ತಾಗತ್ತೆ?”

“ಹೋದ್ಸಲ ನಮ್ಮ ಪ್ರಿನ್ಸಿಪಾಲ್ರ ತಮ್ಮನ ಕಾರಲ್ಲಿ ಬಂದ್ರಿ. ಅದಕ್ಕೂ ಮುಂಚೆ ನನ್ನ ಸ್ಟೂಡೆಂಟ್ ಒಬ್ಬಳ ತಂದೆ ಜೀಪಲ್ಲಿ. ಆ ಹುಡುಗಿ ಕ್ಲಾಸಲ್ಲಿ ನಮ್ಮ ನಾಯಿ ಹೆಸರು ಏನು ಮಿಸ್ ಅಂತ ಕೇಳಿದ್ಲು ಅಪ್ಪ. ಹಿಂದಿನ ಬೆಂಚಿನೋರೆಲ್ಲ ನಕ್ರು. ಲೈಟ್ ಹಾಕಿ ಅಂದಿದ್ದು, ತಂಗಿ ಇದಾಳಾ ಅಂದಿದ್ದು, ಎಲ್ಲ ಎಲ್ರಿಗೂ ಗೊತ್ತು. ಪೂರ್ಣೇಶ್ ಒಬ್ರಿಗೇ ನಾನೇ ಹೇಳಿದ್ದು.”

ನಲ್ಲಿ ನಿಲ್ಲಿಸಿದ ಸದ್ದಾಯಿತು.

“ನಾನು ದಾರೀಲಿ ಕೈ ತೋರ್ಸೋದು ನಿಂಗೆ ಅವಮಾನ ಅಂದ್ಕೊಂಡಿದ್ದೆ ಮಗಾ. ಅದಕ್ಕೇ ಟ್ಯಾಕ್ಸಿ ಮಾಡಿದಾಳೆ ಅಂತ.”

“ಕೈ ತೋರ್ಸೋದ್ರಲ್ಲಿ ಎಂತ ಅವಮಾನ,” ಎಂದಳು. “ನಾನೂ ಹಂಗೇ ಕಾಲೇಜಿಗೆ ಹೋಗಿದ್ದಲ್ವಾ. ಆ ಟ್ಯಾಕ್ಸಿಯೋನಿಗೆ ಕನ್ನಡ ಸರಿಯಾಗಿ ಬರಲ್ಲ ಅಪ್ಪ. ಹುಡುಕಿ ಹುಡುಕಿ ಅವನನ್ನೇ ಮಾಡಿದ್ದೆ. ಫೋನಲ್ಲಿ ನಾಲ್ಕು ಮಾತು ಆಡ್ತಾನೆ, ಅಷ್ಟೇ.”

ನಾನು ಕೈ ತೊಳೆಯದೆ ಒಳಗೆ ಬಂದೆ.

ಹೊರಡುವಾಗ ಮೂರೂವರೆಯಾಗಿತ್ತು. ವಸಂತಮ್ಮ ಮಗಳ ಜೊತೆ ಉಳಿಯುವವರು. ಕೃಷ್ಣಪ್ಪ ಬಸ್ಸಿಗೆ ಹೋಗುತ್ತೇನೆ ಎಂದು ಚಪ್ಪಲಿ ಮೆಟ್ಟಿಕೊಂಡರು. “ಜಾವಳಿ ಮೇಲೇ ಹೋಗದು ನಾವು, ಬನ್ನಿ,” ಎಂದೆ. ಬೇಡ ಬೇಡ ಎಂದು ಎರಡು ಹೆಜ್ಜೆ ಹಿಂದೆ ಸರಿದರು. ಸೌಂದರ್ಯ ಬಂದು ನಮ್ಮ ಕಾರಿನ ಮುಂದಿನ ಬಾಗಿಲು ತೆಗೆದು ಹಿಡಿದುಕೊಂಡು ನಿಂತಳು.

“ಕೂತ್ಕೊಳಿ ಅಪ್ಪ. ಕತ್ತಲಾಗೋದ್ರೊಳಗೆ ಮನೆ ಸೇರ್ತೀರಿ,” ಎಂದಳು. ಅವರು ಮಗಳ ಮುಖ ನೋಡದೆ ಕೂತರು.

ಬೇಲೂರು ಬಂತು, ಹೋಯಿತು. ಮೂಡಿಗೆರೆ ದಾಟಿತು. ಡ್ರಾಪ್ ತೆಗೆದುಕೊಂಡವರು ಸುಮ್ಮನಿದ್ದರೆ ಸಾಕಪ್ಪ ಎಂದು ಜೀವಮಾನವಿಡೀ ಹಂಬಲಿಸಿದವನು ನಾನು. ಆ ದಾರಿಯಲ್ಲಿ ಆ ಮನುಷ್ಯನ ಮೌನ ನನಗೆ ಸಹಿಸಲಾಗಲಿಲ್ಲ. ಎಂಥದೋ ಕೇಳಬೇಕೆಂದು, ಕಾಫಿ ಒಣಗಿ ಆಯಿತಾ ಎಂದು ಕೇಳಿದೆ. ತಲೆಯಾಡಿಸಿದರು. ಬೆವರು ಒರೆಸಿಕೊಂಡು ಒರೆಸಿಕೊಂಡು ಕರ್ಚೀಫು ಒದ್ದೆಯಾಗಿತ್ತು.

ಕೊಟ್ಟಿಗೆಹಾರ ದಾಟಿದ ಮೇಲೆ ಅತ್ತೆಗೂ ತಡೆಯಲಾಗಲಿಲ್ಲ. “ಏನಾದ್ರೂ ಮಾತಾಡಿ ಬೀಗರೆ,” ಎಂದರು ಹಿಂದಿನಿಂದ. “ನಾನೂ ಕೇಳಬಾರದ್ದು ಕೇಳಿದೆ. ನನ್ನದೂ ತಪ್ಪಿದೆ. ಹಿಂಗೆ ಸುಮ್ನೆ ಕೂರ್ಬೇಡಿ.”

ಕೃಷ್ಣಪ್ಪ ತಿರುಗಲಿಲ್ಲ. ಮಾತಿಗೆ ಬಾಯಿ ತೆರೆದರು, ಮುಚ್ಚಿದರು. ಏನಾದರೂ ಸಿಕ್ಕೀತೇ ಎಂದು ನಿಜವಾಗಿಯೂ ಹುಡುಕುತ್ತಿದ್ದರು ಅನಿಸುತ್ತದೆ.

“ಎಂತ ಮಾತಾಡ್ಲಿ ಅಮ್ಮ,” ಎಂದರು ಕೊನೆಗೆ. “ಇಷ್ಟು ವರ್ಷ ನನ್ನ ಹತ್ರ ಇದ್ದಿದ್ದು ಅವಳೊಬ್ಬಳ ಮಾತೇ.”